ಗ್ಯಾಸ್ ಮಾನಿಟರ್ ಪಾಸ್ ಆದರೆ ಸಾಲದು, ಎಷ್ಟು ಸೆಕೆಂಡಿಗೆ ಅಂತಲೂ ಬರೆಯಿರಿ

ಬಳ್ಳಾರಿ ಕಡೆಯ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಗ್ಯಾಸ್ ಸೇಫ್ಟಿ ನೋಡಿಕೊಳ್ಳುವುದು ನನ್ನ ಕೆಲಸ. ಅದಿರು ಕರಗಿಸಿ ಕಬ್ಬಿಣ ತೆಗೆಯುವ ಬ್ಲಾಸ್ಟ್ ಫರ್ನೇಸಿನಿಂದ ಹೊರಬರುವ ಗ್ಯಾಸಿನಲ್ಲಿ ಹೆಚ್ಚುಕಡಿಮೆ ಶೇ 20ರಿಂದ 25ರಷ್ಟು ಕಾರ್ಬನ್ ಮಾನಾಕ್ಸೈಡ್ (ಸಿಒ) ಎಂಬ ವಿಷಗಾಳಿ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪೈಪಿನ ಜಾಯಿಂಟ್ ಸೋರಿದರೆ ಎದೆ ಮೇಲಿನ ಸಿಒ ಮಾನಿಟರ್ ಕೂಗಬೇಕು, ಆಗಲೇ ಗೊತ್ತಾಗೋದು.

ಆನ್ ಮಾಡಿದಾಗ ಬೀಪ್ ಅಂದು ಸೊನ್ನೆ ತೋರಿಸಿದರೆ ಎಲ್ಲ ಸರಿ ಅಂತ ತುಂಬ ಜನ ನಂಬಿದ್ದಾರೆ. ಸೆನ್ಸರ್ ಸತ್ತಿದ್ದರೂ ಅದು ಸೊನ್ನೆಯನ್ನೇ ತೋರಿಸಬಹುದು. ಇನ್ನು ಕೆಲವರು ಗೇಟ್ ಹತ್ತಿರ ಬೈಕಿನ ಸೈಲೆನ್ಸರಿಗೆ ಹಿಡಿದು ನೋಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಹೊಗೆಯಲ್ಲಿ ಎಷ್ಟು ಸಿಒ ಇದೆ ಅಂತ ಯಾರಿಗೂ ಗೊತ್ತಿಲ್ಲ, ಜೊತೆಗೆ ಮಸಿ ಹೋಗಿ ಫಿಲ್ಟರ್ ಹಾಳಾಗುತ್ತದೆ.

ನಾವು ಪ್ರತಿ ಶಿಫ್ಟಿಗೂ ಮೊದಲು ಬಂಪ್ ಟೆಸ್ಟ್ ಮಾಡುತ್ತೇವೆ, ಅಂದರೆ ಅಳತೆ ಗೊತ್ತಿರುವ ಗ್ಯಾಸ್ ಸ್ವಲ್ಪ ಬಿಟ್ಟು ಮಾನಿಟರ್ ಕೂಗುತ್ತದಾ ಅಂತ ನೋಡೋದು. 100 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಸಿಒ ಇರುವ ಗ್ಯಾಸ್ ತುಂಬಿದ ಸಿಲಿಂಡರ್, ನಿಮಿಷಕ್ಕೆ ಅರ್ಧ ಲೀಟರ್ ಬಿಡುವ ರೆಗ್ಯುಲೇಟರ್, ಸೆನ್ಸರ್ ಮೇಲೆ ಕೂರುವ ಕ್ಯಾಪ್. ಇಷ್ಟು ಸಾಕು. ಮೊದಲ ಅಲಾರ್ಮ್ 35 ಪಿಪಿಎಂಗೆ ಇಟ್ಟಿದ್ದೇವೆ. ಗ್ಯಾಸ್ ಬಿಟ್ಟ ಮೇಲೆ ಸದ್ದು, ದೀಪ, ನಡುಕ ಮೂರೂ ಬರಬೇಕು. ಸದ್ದು ಬಂದು ನಡುಕ ಬರದಿದ್ದರೆ ನಮ್ಮಲ್ಲಿ ಅದು ಫೇಲ್. ಫರ್ನೇಸ್ ಗಲಾಟೆಯಲ್ಲಿ, ಕಿವಿಗೆ ಪ್ಲಗ್ ಹಾಕಿಕೊಂಡವನಿಗೆ ಸದ್ದು ಎಲ್ಲಿ ಕೇಳಬೇಕು?

ಮುಖ್ಯವಾದದ್ದು ಪುಸ್ತಕದಲ್ಲಿ ಏನು ಬರೆಯುತ್ತೀರಿ ಅನ್ನೋದು. ಹೆಚ್ಚಿನ ಕಡೆ ತಾರೀಖು, ಹೆಸರು, ಒಂದು ಟಿಕ್ ಮಾರ್ಕ್, ಮುಗೀತು. ನಾನು ಇನ್ನೂ ಎರಡು ಕಾಲಂ ಸೇರಿಸಿದೆ: 90 ಪಿಪಿಎಂ ಮುಟ್ಟಲು ಹಿಡಿದ ಸೆಕೆಂಡು, ಮತ್ತು ಕೊನೆಗೆ ನಿಂತ ಅಂಕಿ. ದಾಖಲೆಯನ್ನು ಆಳಿನ ಹೆಸರಿನಲ್ಲಿ ಇಡದೆ ಮಾನಿಟರಿನ ಸೀರಿಯಲ್ ನಂಬರಿಗೆ ಒಂದೊಂದು ಪುಟ ಕೊಟ್ಟೆ. ಒಂದೇ ಮಾನಿಟರಿನ ತಿಂಗಳ ಕಥೆ ಒಂದೇ ಪುಟದಲ್ಲಿ ಕಾಣಬೇಕು.

ಅದರ ಬೆಲೆ ಸ್ಟಾಕ್‌ಹೌಸಿನವರ (ಫರ್ನೇಸಿಗೆ ಹಾಕುವ ಅದಿರು, ಕೋಕ್ ಕೂಡಿಡುವ ಜಾಗ) ಮಾನಿಟರುಗಳಲ್ಲಿ ಗೊತ್ತಾಯಿತು. ದಿನಾ ಪಾಸ್ ಆಗುತ್ತಿದ್ದವು, ಆದರೆ ಸೆಕೆಂಡುಗಳ ಕಾಲಂ ಮೆಲ್ಲಗೆ ಏರುತ್ತಿತ್ತು. ಕೊನೆಯ ಅಂಕಿ ಮಾತ್ರ 100ರ ಆಸುಪಾಸಿನಲ್ಲೇ ಇತ್ತು. ಅಂದರೆ ಸೆನ್ಸರ್ ಚೆನ್ನಾಗಿಯೇ ಇದೆ, ಆದರೆ ಅದರ ತನಕ ಗ್ಯಾಸ್ ಹೋಗಲು ತಡವಾಗುತ್ತಿದೆ. ಬಿಚ್ಚಿ ನೋಡಿದರೆ ಬಿಳಿ ಫಿಲ್ಟರ್ ಕೆಂಪಾಗಿತ್ತು. ಅದಿರಿನ ಧೂಳು ಬೆವರಿಗೆ ಕಲೆತು, ಗೋಡೆಗೆ ಬಳಿದ ಕೆಮ್ಮಣ್ಣಿನ ಹಾಗೆ ಒಣಗಿ ಕೂತಿತ್ತು. ಫಿಲ್ಟರ್ ಬದಲಿಸಿದ ಕೂಡಲೇ ಸಮಯ ಮೊದಲಿನಂತಾಯಿತು. ಬರೀ ಟಿಕ್ ಹಾಕಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಇದಕ್ಕೆ ಉಲ್ಟಾ ಇನ್ನೊಂದಿದೆ. ಬೇಗ ಏರುತ್ತದೆ, ಆದರೆ 80ರ ಹತ್ತಿರ ನಿಂತುಬಿಡುತ್ತದೆ. ಅದು ಸೆನ್ಸರಿಗೆ ವಯಸ್ಸಾಗುತ್ತಿರುವ ಲಕ್ಷಣ. ಆಗ ಕ್ಯಾಲಿಬ್ರೇಷನ್ ಬೇಕು, ಅಂದರೆ ಸಿಲಿಂಡರ್ ಗ್ಯಾಸಿಗೆ ಸರಿಯಾದ ಅಂಕಿ ತೋರಿಸುವಂತೆ ಮಾನಿಟರನ್ನು ಹೊಂದಿಸೋದು. ಕ್ಯಾಲಿಬ್ರೇಷನ್ ಮಾಡುವ ಮುಂಚಿನ ಅಂಕಿಯನ್ನು ತಪ್ಪದೆ ಬರೆದಿಡಿ. ಮಾಡಿದ ಮೇಲೆ ಎಲ್ಲವೂ 100 ಅಂತಲೇ ತೋರಿಸುತ್ತವೆ ಅಲ್ವಾ? ಅದರಿಂದ ಏನೂ ತಿಳಿಯೋಲ್ಲ. ಪ್ರತಿ ಸಲ ಮುಂಚಿನ ಅಂಕಿ ಜಾಸ್ತಿ ಜಾಸ್ತಿ ಕುಸಿಯುತ್ತಿದ್ದರೆ ಹೊಸ ಸೆನ್ಸರ್ ತರಿಸುವ ಕಾಲ ಬಂತು.

ಎಲ್ಲ ಮಾನಿಟರೂ ಒಂದೇ ದಿನ ಕಡಿಮೆ ತೋರಿಸಿದರೆ ಮೊದಲು ಸಿಲಿಂಡರ್ ಮೇಲೆ ಅನುಮಾನ ಪಡಿ. ಅದರ ಎಕ್ಸ್‌ಪೈರಿ ತಾರೀಖು, ಲಾಟ್ ನಂಬರ್ ಕೂಡ ಪುಸ್ತಕದಲ್ಲಿರಲಿ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಟೆಸ್ಟ್ ಬೇಡ. ಆ ಆಲ್ಕೋಹಾಲ್ ಆವಿಗೂ ಸಿಒ ಸೆನ್ಸರ್ ಅಂಕಿ ಏರಿಸುವುದುಂಟು. ಹೈಡ್ರೋಜನ್ನಿಗೂ ಹಾಗೇ. ಕಲ್ಲಿದ್ದಲನ್ನು ಕೋಕ್ ಮಾಡುವ ಕೋಕ್ ಓವನ್ ಗ್ಯಾಸಿನಲ್ಲಿ ಅದು ಹೆಚ್ಚು, ಆದ್ದರಿಂದ ಆ ಕಡೆಯ ಅಂಕಿಗಳನ್ನು ಓದುವಾಗ ಅದು ತಲೆಯಲ್ಲಿರಬೇಕು.

ಈಗ ಟೆಸ್ಟನ್ನು ಕೆಲಸಗಾರರೇ ಮಾಡುತ್ತಾರೆ, ನಾನು ಪಕ್ಕದಲ್ಲಿರುತ್ತೇನೆ. ಗುತ್ತಿಗೆಯವರಿಗೂ ಅದೇ ನಿಯಮ. "ಸರ್, ಇದು ಯಾಕೋ ಲೇಟಾಗಿ ಕೂಗಾಕ ಹತ್ತೈತಿ ನೋಡ್ರಿ" ಅಂತ ಒಬ್ಬರು ತಂದುಕೊಟ್ಟರೆ, ಪುಸ್ತಕದ ಪ್ರಕಾರ ಅದು ಪಾಸ್ ಆಗಿದ್ದರೂ ಕೆಂಪು ಚೀಟಿ ಕಟ್ಟಿ ಪಕ್ಕಕ್ಕಿಡುತ್ತೇನೆ. ಅವರಿಗೆ ಬೇರೆ ಮಾನಿಟರ್ ಕೊಟ್ಟ ಮೇಲೇ ಒಳಗೆ ಕಳಿಸೋದು.