1:48 ಹ್ಯಾವಕ್: ಎಣ್ಣೆ ಡಬ್ಬದ ತಗಡಿನಲ್ಲಿ ನಿಜವಾದ ಉಗಿ

ಮಾದರಿ ಹಡಗಿಗೆ ಉಗಿ ಬೇಕಿದ್ದರೆ ಟಗ್ ಬೋಟ್ ಮಾಡು, ಡಿಸ್ಟ್ರಾಯರ್ (ವೇಗದ ಸಣ್ಣ ಯುದ್ಧನೌಕೆ) ಬೇಕಿದ್ದರೆ ಫೈಬರ್ ಹಲ್ (ಹಡಗಿನ ಮೈ) ಹಾಕಿ ಬ್ರಷ್‌ಲೆಸ್ ಎಲೆಕ್ಟ್ರಿಕ್ ಮೋಟಾರ್ ಕೂರಿಸು. ಈ ಕೆಲಸ ಗೊತ್ತಿದ್ದವರೆಲ್ಲ ಹೇಳಿದ್ದು ಇದನ್ನೇ. ಬ್ರಿಟನ್ನಿನ ಮೊದಮೊದಲ ಡಿಸ್ಟ್ರಾಯರ್ ಎಚ್‌ಎಂಎಸ್ ಹ್ಯಾವಕ್‌ನ ನನ್ನ 1:48 ಮಾದರಿ ಈಗ ತಗಡಿನ ಮೈ, ತಾಮ್ರದ ಬಾಯ್ಲರ್ ಹೊತ್ತು ಸ್ಕೇಲ್ ವೇಗದಲ್ಲೇ ಓಡುತ್ತಿದೆ, ಹಾಗಾಗಿ ಲೆಕ್ಕ ಒಪ್ಪಿಸುವ ಧೈರ್ಯ ಬಂದಿದೆ.

ಥೇಮ್ಸ್ ದಡದ ಯ್ಯಾರೋ ಯಾರ್ಡಿನಿಂದ 1893ರಲ್ಲಿ ನೀರಿಗಿಳಿದ ಹ್ಯಾವಕ್ 180 ಅಡಿ ಉದ್ದ, ಹದಿನೆಂಟೂವರೆ ಅಡಿ ಅಗಲ, ಸುಮಾರು 240 ಟನ್. ಉಗಿಯನ್ನು ಮೂರು ಹಂತದಲ್ಲಿ ದುಡಿಸುವ ಎರಡು ಟ್ರಿಪಲ್ ಎಕ್ಸ್‌ಪ್ಯಾನ್ಶನ್ ಇಂಜಿನ್, 3,500 ಅಶ್ವಶಕ್ತಿಯ ಆಸುಪಾಸು, 26 ನಾಟ್ (ಗಂಟೆಗೆ ಸುಮಾರು 48 ಕಿ.ಮೀ.) ದಾಟಿದ ವೇಗ. ಮಾದರಿಗೆ ಇಳಿಸಿದರೆ ಉದ್ದ 1,143 ಮಿ.ಮೀ., ಅಗಲ 117. ತೂಕ 48ರ ಘನದಲ್ಲಿ ಇಳಿಯುವುದರಿಂದ ಎಲ್ಲ ಸೇರಿ 2.2 ಕೆ.ಜಿ., ಪೂರ್ತಿ ಹೇರಿದ ಹಡಗಿನ ಲೆಕ್ಕ ಹಿಡಿದರೆ 2.5. ವೇಗ 48ರ ವರ್ಗಮೂಲದಲ್ಲಿ ಇಳಿದು ಸೆಕೆಂಡಿಗೆ 1.93 ಮೀಟರ್. ಶಕ್ತಿ ಕಾಗದದ ಮೇಲೆ ಮೂರೂವರೆ ವ್ಯಾಟ್ ಸಾಕು. ಆದರೆ ನೀರಿನ ಉಜ್ಜು ಸ್ಕೇಲಿಗೆ ತಕ್ಕಂತೆ ಇಳಿಯುವುದಿಲ್ಲ, ಚಿಕ್ಕ ಪ್ರೊಪೆಲ್ಲರ್ ಬೇರೆ ದಂಡ. ಇಂಜಿನ್ನಿನಲ್ಲಿ ಏಳೆಂಟು ವ್ಯಾಟ್ ಇಲ್ಲದೆ ಆಗದು.

ಅಸಲಿ ಜಗಳ ತೂಕದ್ದು. ಆ ಹಡಗುಗಳ ಹೊರತಗಡು ಕೆಲವೇ ಮಿಲಿಮೀಟರ್ ದಪ್ಪ, ಸ್ಕೇಲಿನಲ್ಲಿ 0.1 ಮಿ.ಮೀ.ಗೂ ಕಡಿಮೆ ಬರುತ್ತದೆ. ಅದನ್ನು ಸೊಟ್ಟಗಾಗದಂತೆ ಬೆಸುಗೆ ಹಾಕುವುದು ನನ್ನಿಂದಾಗದು. ಹದಿನೈದು ಕೆ.ಜಿ. ಎಣ್ಣೆ ಡಬ್ಬದ ತಗಡು 0.28ರ ಹತ್ತಿರ, ಅಂದರೆ ಹಲ್ ಮೂರು ಪಟ್ಟು ದಪ್ಪ. ಹೆಚ್ಚಾದ ತೂಕವನ್ನು ಕಲ್ಲಿದ್ದಲಿನ ಖಾತೆಯಿಂದ ಎತ್ತಿಕೊಂಡೆ. ಹ್ಯಾವಕ್ ಹೊರುತ್ತಿದ್ದ 47 ಟನ್ ಕಲ್ಲಿದ್ದಲು ಸ್ಕೇಲಿನಲ್ಲಿ 430 ಗ್ರಾಂ. ನನ್ನ ಇಂಧನ 20 ಗ್ರಾಂ ಬ್ಯೂಟೇನ್. ಉಳಿದ ನಾಲ್ಕುನೂರು ಗ್ರಾಂ ಹಲ್‌ಗೆ ಹೋಯಿತು.

ಫೈಬರ್ ಹಲ್ ತಗಡಿನ ಅರ್ಧ ತೂಕಕ್ಕೇ ಬರುತ್ತದೆ, ಒಪ್ಪಿದೆ. ಆದರೆ 117 ಮಿ.ಮೀ. ಅಗಲದಲ್ಲಿ ಬಾಯ್ಲರಿನ ಕವಚಕ್ಕೂ ಪಕ್ಕದ ಗೋಡೆಗೂ ಸಿಗುವ ಜಾಗ ಒಂದು ಬೆರಳಿನಷ್ಟು. ಪೇಟೆಯಲ್ಲಿ ಸಿಗುವ ಸಾಮಾನ್ಯ ರೆಸಿನ್ ಆ ಬಿಸಿಗೆ ಮೆತ್ತಗಾಗುತ್ತದೆ, ಎರಡನೇ ಓಟಕ್ಕೆ ಪಕ್ಕ ಒಳಕ್ಕೆ ಸೊಟ್ಟಗಾಗಿರುತ್ತದೆ. ತಗಡಿಗೆ ಆ ಕಷ್ಟವಿಲ್ಲ, ಬಿಸಿಯನ್ನು ನೇರ ನೀರಿಗೆ ದಾಟಿಸಿಬಿಡುತ್ತದೆ.

ತಗಡನ್ನು 25 ಮಿ.ಮೀ. ಪಟ್ಟಿಗಳಾಗಿ ಕತ್ತರಿಸಿ 3 ಮಿ.ಮೀ. ಮೇಲೆ ಮೇಲೆ ಬರುವಂತೆ ಜೋಡಿಸಬೇಕು. ಒಳಗೆ 60 ಮಿ.ಮೀ.ಗೆ ಒಂದು ತಗಡಿನ ಪಕ್ಕೆಲುಬು. ಒಂದೇ ಉದ್ದಕ್ಕೆ ಬೆಸುಗೆ ಎಳೆದುಕೊಂಡು ಹೋದರೆ ಪಟ್ಟಿ ಉಬ್ಬಿ ಹಪ್ಪಳವಾಗುತ್ತದೆ. ಎಡಕ್ಕೊಂದು ಬಲಕ್ಕೊಂದು ಎಂದು 20 ಮಿ.ಮೀ. ಚುಕ್ಕಿ ಹಾಕುತ್ತಾ, ಆರಿಸುತ್ತಾ ಹೋಗಬೇಕು. ಬೆಸುಗೆ ಹಿಡಿಸುವ ಜಿಂಕ್ ಕ್ಲೋರೈಡ್ ಫ್ಲಕ್ಸ್ ಬಳಸಿದ ದಿನವೇ ಸೋಡಾ ನೀರಿನಲ್ಲಿ ತೊಳೆಯದಿದ್ದರೆ ವಾರದೊಳಗೆ ಅಂಚಿನಲ್ಲಿ ತುಕ್ಕು. ಕೀಲ್ (ತಳದ ಬೆನ್ನೆಲುಬು) ನೇರ ಉಳಿಸುವುದಕ್ಕೆ ನನ್ನದೇ ಒಂದು ಉಪಾಯವಿದೆ, ಅದು ನನ್ನ ಹತ್ತಿರವೇ ಇರಲಿ.

ಮೊದಲ ಹಲ್ ಸೋತದ್ದು ಡೆಕ್‌ನಲ್ಲಿ. ಬಾಯ್ಲರ್ ಇಳಿಸಲು 250 × 90 ಮಿ.ಮೀ. ತೂತು ಬೇಕು, ಎರಡೂ ಬದಿಗೆ ಉಳಿಯುವುದು 13 ಮಿ.ಮೀ. ಪಟ್ಟಿ. ಬಾಯ್ಲರಿಗೆ ನೀರು ತುಂಬಿದ ಹಡಗನ್ನು ಎರಡು ತುದಿ ಹಿಡಿದು ಎತ್ತಿದರೆ ಆ ಪಟ್ಟಿ ಪಟಕ್ಕನೆ ಸುಕ್ಕಾಗುತ್ತಿತ್ತು. ಉದ್ದದ ಹಲ್‌ನಲ್ಲಿ ಬಾಗುವ ಬಲವನ್ನು ತಡೆಯುವುದು ಕೀಲ್ ಮತ್ತು ಡೆಕ್ ಅಂಚು, ಮಧ್ಯದ ತಗಡಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. 1901ರಲ್ಲಿ ಟರ್ಬೈನ್ ಡಿಸ್ಟ್ರಾಯರ್ ಕೋಬ್ರಾ ಉತ್ತರ ಸಮುದ್ರದಲ್ಲಿ ಎರಡು ತುಂಡಾದ ಮೇಲೆ ಬ್ರಿಟಿಷ್ ನೌಕಾಪಡೆ ವುಲ್ಫ್ ಎಂಬ ಹಡಗನ್ನು ಡ್ರೈ ಡಾಕ್‌ನಲ್ಲಿ (ನೀರು ಬಸಿದು ಹಡಗು ಕೂರಿಸುವ ಕಟ್ಟೆ) ಒಮ್ಮೆ ನಡುವೆ, ಒಮ್ಮೆ ಎರಡು ತುದಿಗೆ ಆಸರೆ ಕೊಟ್ಟು ಬಗ್ಗಿಸಿ ನೋಡಿತು. ನನ್ನದೂ ಅದೇ ಪರೀಕ್ಷೆ: ಎರಡು ತುದಿಗೆ ಮರದ ತುಂಡು, ನಡುವೆ ಎರಡು ಕೆ.ಜಿ. ತೂಕದ ಕಲ್ಲು, ಕೆಳಗೆ ಬಾಗು ಅಳೆಯಲು ಡಯಲ್ ಗೇಜ್. ಡೆಕ್ ಅಂಚಿನ ಒಳಗೆ ಉದ್ದಕ್ಕೂ 4 × 4 × 0.5 ಹಿತ್ತಾಳೆ ಆಂಗಲ್, ತೂತಿನ ಸುತ್ತ 8 ಮಿ.ಮೀ. ಎತ್ತರದ ಕಟ್ಟೆ. ಆಂಗಲ್ ತೂಕ ಸುಮಾರು 80 ಗ್ರಾಂ, ಬಾಗು ಮೂರನೇ ಒಂದಕ್ಕೆ ಇಳಿಯಿತು. ಇಡೀ ಹಡಗಿನಲ್ಲಿ ಇಷ್ಟು ಲಾಭ ಕೊಟ್ಟ 80 ಗ್ರಾಂ ಬೇರೆ ಇಲ್ಲ.

ಯಾವ ಬಾಯ್ಲರ್ ಮೇಲು ಎಂಬ 1893ರ ವಾದವೇ ಮೇಜಿನ ಮೇಲೆ ಮತ್ತೆ ನಡೆಯಿತು. ಹ್ಯಾವಕ್‌ಗೆ ರೈಲ್ವೆ ಮಾದರಿಯ ಲೋಕೋಮೋಟಿವ್ ಬಾಯ್ಲರ್ (ಕೊಳವೆಯೊಳಗೆ ಬೆಂಕಿ, ಸುತ್ತ ನೀರು). ಅದರ ಜೋಡಿ ಹಾರ್ನೆಟ್‌ಗೆ ಎಂಟು ವಾಟರ್‌ಟ್ಯೂಬ್ ಬಾಯ್ಲರ್ (ಕೊಳವೆಯೊಳಗೆ ನೀರು, ಸುತ್ತ ಬೆಂಕಿ), ನಾಲ್ಕು ಚಿಮಣಿ, ಅಂದಾಜು ಒಂದು ನಾಟ್ ಹೆಚ್ಚು ವೇಗ. ನಾನು ಮೊದಲು ಕೈಹಾಕಿದ್ದು ವಾಟರ್‌ಟ್ಯೂಬಿಗೆ: 28 ಮಿ.ಮೀ. ಮೇಲಿನ ಡ್ರಮ್, 15ರ ಎರಡು ಕೆಳಗಿನ ಡ್ರಮ್, ನಲವತ್ತರಷ್ಟು 4 ಮಿ.ಮೀ. ಕೊಳವೆ. ಎರಡು ನಿಮಿಷದಲ್ಲಿ ಉಗಿ ಏಳುತ್ತದೆ, ತೂಕವೂ ಮುಕ್ಕಾಲು ಪಾಲು. ಆದರೆ ಒಳಗಿರುವ ನೀರು 90 ಮಿ.ಲೀ. ಮಾತ್ರ. ಇಂಜಿನ್ ಕುಡಿಯುವುದು ನಿಮಿಷಕ್ಕೆ 9–10 ಗ್ರಾಂ. ಬಾಯ್ಲರಿಗೆ ನೀರು ತಳ್ಳುವ ಫೀಡ್ ಪಂಪಿನ ಬಾಲ್ ವಾಲ್ವ್‌ನಲ್ಲಿ ಒಂದು ಕಸ ಸಿಕ್ಕಿದರೆ ನಾಲ್ಕೈದು ನಿಮಿಷದಲ್ಲಿ ಮೇಲಿನ ಸಾಲು ಒಣಗುತ್ತದೆ, 620–650 ಡಿಗ್ರಿಗೆ ಸಿಲ್ವರ್ ಬ್ರೇಜಿಂಗ್ (ಬೆಳ್ಳಿ ಬೆಸುಗೆ) ಬಿಡುತ್ತದೆ. ಬಿಟ್ಟಿತು ಕೂಡ. ಬೆಳ್ಳಿಯ ರೇಟಿನಲ್ಲಿ ಕೊಂಡ 56% ಕಡ್ಡಿಗಳೇ ಆರು ಸಾವಿರ ರೂಪಾಯಿಯಷ್ಟು ಅದರಲ್ಲಿ ಹೋದವು.

ಈಗಿರುವುದು 50 ಮಿ.ಮೀ. ತಾಮ್ರದ ಕೊಳವೆ, ಗೋಡೆ 1.2, ಉದ್ದ 150, ನಡುವೆ ಬೆಂಕಿ ಹೋಗುವ 22ರ ಕೊಳವೆ, ಅದಕ್ಕಡ್ಡ ಏಳು ನೀರಿನ ಕೊಳವೆಗಳು. ನೀರು 160–170 ಮಿ.ಲೀ., ಪಂಪ್ ಇಲ್ಲದೆ ಹತ್ತು ಹನ್ನೆರಡು ನಿಮಿಷದ ಓಟ. ಕೆಲಸದ ಒತ್ತಡ 3 ಬಾರ್, ಸೇಫ್ಟಿ ವಾಲ್ವ್ 3.5, ತಣ್ಣೀರಿನ ಪರೀಕ್ಷೆ 6 ಬಾರ್. ವಾಲ್ವ್, ಗೇಜು ತಿರುಗಿಸಿ ಕೂರಿಸುವ ಬುಶ್‌ಗಳು ಫಾಸ್ಫರ್ ಬ್ರಾಂಜ್ ಆಗಿರಲಿ. ಹಿತ್ತಾಳೆಯದಾದರೆ ಒಳಗಿನ ಸತು ಕರಗಿ ಬರುಬರುತ್ತಾ ಪುಡಿಯಾಗುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರು ಹಾಕಲೇಬೇಡಿ, ಅಡ್ಡ ಕೊಳವೆಗಳಲ್ಲಿ ಸುಣ್ಣ ಕಟ್ಟಿದರೆ ತೆಗೆಯುವುದು ಬಲು ಕಷ್ಟ.

ಬರ್ನರಿಗೆ ಗಾಳಿ ಸಿಗುವುದು ಇನ್ನೊಂದು ಯುದ್ಧ. ಮೂಲ ಹಡಗಿನಲ್ಲಿ ಒಲೆಗೆ ಕಲ್ಲಿದ್ದಲು ಹಾಕುವ ಕೋಣೆಯನ್ನು (ಸ್ಟೋಕ್‌ಹೋಲ್ಡ್) ಮುಚ್ಚಿ ಫ್ಯಾನಿನಿಂದ ಗಾಳಿ ತುಂಬುತ್ತಿದ್ದರು. ಆ ರಭಸಕ್ಕೆ ಲೋಕೋಮೋಟಿವ್ ಬಾಯ್ಲರುಗಳ ಕೊಳವೆ ತುದಿಗಳು ಸೋರುವುದು ಆಗಿನ ದೊಡ್ಡ ತಲೆನೋವು. ಮಾದರಿಯಲ್ಲಿ ಡೆಕ್ ಮುಚ್ಚಿದ ಕೂಡಲೇ ಜ್ವಾಲೆ ಹಳದಿಯಾಗಿ ಚಿಮಣಿಯಲ್ಲಿ ಮಸಿ ಬರುತ್ತದೆ. ಡೆಕ್ ಮೇಲೆ ಗಾಳಿ ಹಿಡಿಯುವ ಸ್ಕೇಲ್ ಕೌಲ್‌ಗಳ ಬಾಯಿ 5 ಮಿ.ಮೀ., ಅದು ಸಾಲದು. ಇಂಜಿನ್ನಿನಿಂದ ಹೊರಬಂದ ಉಗಿಯನ್ನು ಎಣ್ಣೆ ಸೋಸುವ ಡಬ್ಬಿ ದಾಟಿಸಿ 1.5 ಮಿ.ಮೀ. ನಾಜಲಿನಿಂದ ಚಿಮಣಿಗೆ ಬಿಟ್ಟಾಗ ಎಳೆತ ಬಂತು. ಉಳಿದ ಗಾಳಿ ಎಲ್ಲಿಂದ ಬರುತ್ತದೆ ಎಂದು ನೋಡಿದವರು ಯಾರೂ ಇನ್ನೂ ಕಂಡುಹಿಡಿದಿಲ್ಲ. ನಾನೂ ಹೇಳುವುದಿಲ್ಲ.

ಇಂಜಿನ್ ಒಂದೇ: 8 ಬೋರ್, 10 ಸ್ಟ್ರೋಕ್, ಎರಡು ಸಿಲಿಂಡರಿನ ಡಬಲ್ ಆ್ಯಕ್ಟಿಂಗ್ (ಪಿಸ್ಟನ್ನಿನ ಎರಡೂ ಬದಿಗೆ ಉಗಿ) ಆಸಿಲೇಟರ್, ಅಂದರೆ ಸಿಲಿಂಡರೇ ತೂಗಾಡಿ ಉಗಿ ಬಿಡುವ ಇಂಜಿನ್. ಮೂಲದಂತೆ ಎರಡು ಇಂಜಿನ್ ಹಾಕಿದರೆ ಉಜ್ಜು ಇಮ್ಮಡಿ, ಉಗಿಯೂ ಸಾಲದು. 40:20 ಗೇರಿನಿಂದ ಎರಡೂ ಶಾಫ್ಟ್‌ಗೆ ನಿಮಿಷಕ್ಕೆ 3,300 ಸುತ್ತು. 1,700 ಸುತ್ತಿನ ಹತ್ತಿರ ಇಂಜಿನ್ ಬಂದಾಗ ಹಿಂಭಾಗದ ತಗಡು ಝೇಂಕರಿಸುತ್ತದೆ. ಹ್ಯಾವಕ್ ಕಟ್ಟಿದ ಆಲ್ಫ್ರೆಡ್ ಯ್ಯಾರೋ ಇಂಥ ನಡುಕಕ್ಕೆ ಬಾಬ್ ವೇಟ್ (ಎದುರು ತೂಕ) ಹಾಕಿ ಸಮತೋಲ ತಂದ. ನನಗೆ ಎರಡು ಪಕ್ಕೆಲುಬಿನ ನಡುವೆ ಒಂದು ಅಡ್ಡಪಟ್ಟಿಯೇ ಸಾಕಾಯಿತು.

ಪ್ರೊಪೆಲ್ಲರ್ ಪ್ರಯೋಗ ಮೂಲ ಯೋಜನೆಯಲ್ಲಿ ಇರಲಿಲ್ಲ. ಥಾರ್ನಿಕ್ರಾಫ್ಟ್ ಯಾರ್ಡ್ ಕಟ್ಟಿದ ಡೇರಿಂಗ್ ಎಂಬ ಡಿಸ್ಟ್ರಾಯರ್ 1894ರ ಪರೀಕ್ಷೆಯಲ್ಲಿ 24 ನಾಟ್‌ಗೆ ಸಿಕ್ಕಿಕೊಂಡು, ಪ್ರೊಪೆಲ್ಲರ್ ಎಲೆಯ ವಿಸ್ತಾರ ಸುಮಾರು 45% ಹೆಚ್ಚಿಸಿದ ಮೇಲೆ 28 ದಾಟಿತು. ಕಾರಣ ಕ್ಯಾವಿಟೇಶನ್, ಅಂದರೆ ಎಲೆಯ ಮೇಲೆ ಒತ್ತಡ ಕುಸಿದು ನೀರು ಆವಿಯ ಗುಳ್ಳೆಯಾಗುವುದು. ಮಾದರಿಯಲ್ಲಿ ಅದು ಬರುವುದಿಲ್ಲ, ಏಕೆಂದರೆ ವಾತಾವರಣದ ಒತ್ತಡವನ್ನು 48ರಿಂದ ಭಾಗಿಸಲಾಗದು. ಆದರೆ ಥ್ರಾಟಲ್ ಒಮ್ಮೆಲೇ ತೆರೆದರೆ ಎಲೆಗಳು ಮೇಲಿನಿಂದ ಗಾಳಿ ಎಳೆದುಕೊಂಡು ಇಂಜಿನ್ ಬರಿದೇ ಚೀರುತ್ತದೆ. 35 ಮಿ.ಮೀ. ವ್ಯಾಸ, 50 ಪಿಚ್ (ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ), ಮೂರೆಲೆ ಹಾಗೇ ಇಟ್ಟು ಎಲೆಯ ಅಗಲವನ್ನು ಅರ್ಧದಷ್ಟು ಹೆಚ್ಚಿಸಿದಾಗ ಅದೇ ಉಗಿಗೆ ವೇಗ ಸೆಕೆಂಡಿಗೆ 1.7ರಿಂದ 1.9 ಮೀಟರಿಗೆ ಏರಿತು.

ವೇಗ ಅಳೆಯಲು ಕೆರೆ ಬೇಡ, ಕಳೆ ಪ್ರೊಪೆಲ್ಲರಿಗೆ ಸುತ್ತುತ್ತದೆ. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡ ಉತ್ತಮ, ಆದರೆ ನೀರು ಒಂದು ಮೀಟರಿಗಿಂತ ಆಳ ಇರಲಿ. 38 ಸೆಂ.ಮೀ. ಆಳದಲ್ಲಿ ಅಲೆಯ ಮಿತಿವೇಗವೂ ಸೆಕೆಂಡಿಗೆ 1.93 ಮೀಟರೇ. ಹಿಂಭಾಗ ಕುಸಿದು, ದೊಡ್ಡ ಅಲೆ ಎಬ್ಬಿಸಿ ಹಡಗು ಅಲ್ಲೇ ತಡವರಿಸುತ್ತದೆ. ಅಸಲಿ ಹ್ಯಾವಕ್‌ಗೆ ಇದೇ ಕಾಟ 18 ಮೀಟರ್ ಆಳದಲ್ಲಿ.

ನನ್ನ ಸೆಕೆಂಡಿಗೆ 1.95 ಮೀಟರ್ ಎಂಬುದು ಹಗುರ ಮಾಡಿ ಓಡಿಸಿದ ಟ್ರಯಲ್ ವೇಗ: ನೀರು 120 ಮಿ.ಲೀ., ಬಂದೂಕುಗಳಿಲ್ಲ, ಒಟ್ಟು 2.2 ಕೆ.ಜಿ. ಎಲ್ಲ ಹೇರಿ 2.4 ಆದಾಗ 1.75. ಆ ಕಾಲದ ಯಾರ್ಡುಗಳೂ 27 ನಾಟ್‌ನ ಕರಾರನ್ನು 30 ಟನ್ ಹೊರೆ ಮತ್ತು ಕಲ್ಲಿದ್ದಲು ಹಾಕುವ ಪಳಗಿದ ಸ್ಟೋಕರುಗಳ ಬಲದಲ್ಲೇ ದಾಟಿಸುತ್ತಿದ್ದವು, ಹಾಗಾಗಿ ನನಗೆ ಸಂಕೋಚವಿಲ್ಲ.

ಆಮೆಬೆನ್ನಿನ ಮುಂಭಾಗ ಗಾಳಿಯ ದಿನ ನೀರನ್ನು ಸೀದಾ ಬ್ರಿಡ್ಜಿನ ಮೇಲೆ ಚೆಲ್ಲುತ್ತದೆ. 1903ರಿಂದ ಬಂದ ರಿವರ್ ಕ್ಲಾಸ್ ಡಿಸ್ಟ್ರಾಯರುಗಳಂತೆ ಎತ್ತರದ ಫೋರ್‌ಕಾಸಲ್ (ಮುಂದಿನ ಡೆಕ್) ಒಂದನ್ನು ತಗಡಿನಲ್ಲಿ ಮಾಡಿ ಕ್ಲಿಪ್ ಹಾಕಿ ನೋಡಿದೆ: 55 ಗ್ರಾಂ ಹೆಚ್ಚು, ಶಾಂತ ನೀರಿನಲ್ಲಿ ವೇಗ ಚೂರು ಕಡಿಮೆ, ಅಲೆಯಲ್ಲಿ ಬಾಯ್ಲರ್ ಹ್ಯಾಚ್ ಒಣಗಿಯೇ ಇತ್ತು. ಮೂತಿಯ ಟಾರ್ಪಿಡೊ ಕೊಳವೆಯ ತೂತನ್ನು ಮೇಣದಿಂದ ಮುಚ್ಚಿದರೆ ತುಂತುರು ಅರ್ಧ ಕಡಿಮೆ. ನೌಕಾಪಡೆಯೂ ಆ ಕೊಳವೆಯನ್ನು ಬೇಗ ಕೈಬಿಟ್ಟಿತು.

ಒಟ್ಟು ಖರ್ಚು ನೆನಪಿನಿಂದ 38–40 ಸಾವಿರ ರೂಪಾಯಿ, ಸುಟ್ಟುಹೋದ ಬಾಯ್ಲರ್ ಸೇರಿ. ತಗಡಿನ ಡಬ್ಬಗಳಿಗೆ ಇನ್ನೂರು ಮುನ್ನೂರು. ತಾಮ್ರ, ಬ್ರಾಂಜ್ ತುಂಡುಗಳು ಬೆಂಗಳೂರಿನ ಜಾಲಿ ಮೊಹಲ್ಲಾದಲ್ಲಿ ತೂಕಕ್ಕೆ ಸಿಗುತ್ತವೆ, ಕೊಳ್ಳುವ ಮುಂಚೆ ಗೋಡೆಯ ದಪ್ಪವನ್ನು ಕ್ಯಾಲಿಪರ್‌ನಿಂದ ಎರಡೂ ತುದಿಯಲ್ಲಿ ಅಳೆಯಿರಿ. ಹಳೇ ಎಸಿಯ ಕೊಳವೆ ಸಿಕ್ಕರೆ ಬೆಂಡ್ ಇರುವ ಭಾಗ ಬೇಡ, ಅಲ್ಲಿ ತೆಳುವಾಗಿರುತ್ತದೆ. ಸಿಲ್ವರ್ ಕಡ್ಡಿ ಮತ್ತು ಪ್ರೆಶರ್ ಗೇಜನ್ನು ಮಾತ್ರ ಹೊಸದೇ ತನ್ನಿ.