ಜಂತುಹುಳು ಕರುಳು ಕಟ್ಟಿದಾಗ ನಾನು ಮಾತ್ರೆಯನ್ನು ಕೊನೆಗಿಡುತ್ತೇನೆ

ಹೊಟ್ಟೆ ಉಬ್ಬಿ, ಹಸಿರು ವಾಂತಿ ಮಾಡುವ ನಾಲ್ಕೈದು ವರ್ಷದ ಮಗು ಬಂದರೆ ನಾನು ತಾಯಿಯನ್ನು ಮೊದಲು ಕೇಳುವುದು, ಹುಳು ಬಿದ್ದಿದೆಯಾ ಅಂತ. ಉತ್ತರ ಕರ್ನಾಟಕದ ನಮ್ಮ ಕಡೆ ತಾಯಂದಿರು ಮುಚ್ಚಿಡುವುದಿಲ್ಲ. "ಹೌದ್ರಿ ಸರ, ನಿನ್ನೆ ವಾಂತ್ಯಾಗ ಒಂದು ಬಿತ್ರಿ."

ಆಮೇಲೆ ಕೈ ಬೆಚ್ಚಗೆ ಮಾಡಿಕೊಂಡು ಹೊಟ್ಟೆ ಮುಟ್ಟುತ್ತೇನೆ. ಇಲ್ಲಿ ಅವಸರ ಬೇಡ. ಮಗು ಅಳು ನಿಲ್ಲಿಸಲಿ. ಹೊಕ್ಕುಳ ಸುತ್ತ ನಾದಿದ ಹಿಟ್ಟಿನಂಥ ಗಂಟು ಬೆರಳಿಗೆ ಸಿಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮುಟ್ಟಿದರೆ ಜಾಗವೂ ಬೇರೆ, ಆಕಾರವೂ ಬೇರೆ. ಸ್ಕ್ಯಾನ್ ಮಾಡಿದರೆ ಕರುಳಿನೊಳಗೆ ಉದ್ದುದ್ದ ಜೋಡಿ ಗೆರೆಗಳು, ಕೆಲವೊಮ್ಮೆ ಕಣ್ಣೆದುರೇ ಹೊರಳುತ್ತವೆ. ಒಂದೊಂದು ಹುಳು 15ರಿಂದ 35 ಸೆಂಟಿಮೀಟರ್. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಕಿರಿದಾದ ಜಾಗದ ಹತ್ತಿರ ಇವು ಹೆಣೆದುಕೊಂಡು ನಿಲ್ಲುವುದೇ ಜಾಸ್ತಿ. ಕರುಳು ತೂತಾಗಿದೆಯಾ ನೋಡಲು ಎಕ್ಸ್‌ರೇಯನ್ನೂ ತೆಗೆಸುತ್ತೇನೆ.

ಹುಳುವಿನ ಮಾತ್ರೆ ಕೊಟ್ಟರೆ ಆಯ್ತಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಕರುಳು ಪೂರ್ತಿ ಕಟ್ಟಿದಾಗ ನಾನು ಕೊಡುವುದಿಲ್ಲ. ಪೈರಾಂಟೆಲ್ ಅನ್ನುವ ಹುಳುವಿನ ಔಷಧಿ ಅಂತೂ ಬೇಡವೇ ಬೇಡ. ಅದು ಹುಳುಗಳನ್ನು ಸೆಟೆಸುತ್ತದೆ, ಗಂಟು ಇನ್ನೂ ಬಿಗಿಯಾಗುತ್ತದೆ. ಬಾಯಿಗೆ ಏನೂ ಕೊಡದೆ, ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಿ, ಡ್ರಿಪ್ ಕೊಡುತ್ತೇನೆ. ಪೊಟ್ಯಾಸಿಯಂ ಎಷ್ಟಿದೆ ನೋಡಲೇಬೇಕು. ಅದು ಇಳಿದರೆ ಕರುಳಿನ ಚಲನೆಯೇ ನಿಂತುಹೋಗುತ್ತದೆ. ಮತ್ತೆ ಮತ್ತೆ ಹೊಟ್ಟೆ ಮುಟ್ಟಿ ನೋಡುವುದು ಒಬ್ಬರೇ ವೈದ್ಯರಾದರೆ ಒಳ್ಳೆಯದು, ಬದಲಾವಣೆ ಅವರ ಕೈಗೇ ಗೊತ್ತಾಗುತ್ತದೆ. ಹೆಚ್ಚಿನ ಮಕ್ಕಳಿಗೆ ಒಂದೆರಡು ದಿನದಲ್ಲಿ ಗಂಟು ಸಡಿಲವಾಗಿ ಕರುಳು ತೆರೆದುಕೊಳ್ಳುತ್ತದೆ.

ಆದರೆ ಹೊಟ್ಟೆ ಗಟ್ಟಿಯಾದರೆ, ನಾಡಿ ಏರುತ್ತಲೇ ಹೋದರೆ, ಮಲದಲ್ಲಿ ರಕ್ತ ಕಂಡರೆ, ಗಂಟು ಒಂದೇ ಕಡೆ ಕೂತು ಮುಟ್ಟಿದರೆ ನೋಯುತ್ತಿದ್ದರೆ ಕಾಯುವಂತಿಲ್ಲ. ಹೊಟ್ಟೆ ತೆರೆದು, ಕರುಳು ಚೆನ್ನಾಗಿದ್ದರೆ ಹುಳುಗಳನ್ನು ಬೆರಳಿನಿಂದ ಮೆಲ್ಲಗೆ ದೊಡ್ಡ ಕರುಳಿಗೆ ನೂಕುತ್ತೇನೆ. ಜಗ್ಗದಿದ್ದರೆ ಮಾತ್ರ ಕರುಳಿಗೆ ಸಣ್ಣ ಗಾಯ ಮಾಡಿ ಇಕ್ಕಳದಿಂದ ಹೊರಗೆ ಎಳೆಯುವುದು. ಹೊಲಿಯುವ ಮುಂಚೆ ಇಡೀ ಕರುಳನ್ನು ಬೆರಳಲ್ಲಿ ಸವರಿ ನೋಡುತ್ತೇನೆ. ಒಳಗೆ ಉಳಿದ ಹುಳು ಹೊಲಿಗೆಯ ಸಂದಿನಿಂದಲೂ ನುಸುಳಬಲ್ಲದು.

ಮಗು ಮಲ ವಿಸರ್ಜಿಸಿ, ಹಸಿವು ಅಂದ ಮೇಲೆ ಹುಳುವಿನ ಮಾತ್ರೆ, ಆಲ್ಬೆಂಡಝೋಲ್ 400 ಮಿಲಿಗ್ರಾಂ. ಎರಡು ವರ್ಷ ತುಂಬದವರಿಗೆ ಅರ್ಧ. ಕರುಳಿಗೆ ಬಂದು ಬೆಳೆಯುವ ಮುಂಚೆ ಶ್ವಾಸಕೋಶದಲ್ಲಿ ಓಡಾಡುತ್ತಿರುವ ಮರಿಹುಳುಗಳು ಈ ಮಾತ್ರೆಗೆ ಸಾಯುತ್ತವೆ ಅನ್ನುವ ಭರವಸೆ ಇಲ್ಲ, ಅದಕ್ಕೇ ಕೆಲವು ತಿಂಗಳ ನಂತರ ಮತ್ತೆ ಕರೆಸುತ್ತೇನೆ. ಬರುವಾಗ ಮನೆಯ ಉಳಿದ ಮಕ್ಕಳನ್ನೂ ಕರ್ಕೊಂಡು ಬನ್ನಿ ಅಂತ ಚೀಟಿಯಲ್ಲೇ ಬರೆದುಕೊಡುತ್ತೇನೆ.