ಮೋಟಾರು ಮೇಲೆತ್ತುವ ಹೊತ್ತು

ನಮ್ಮ ಗದ್ದೆ ಶ್ರೀರಂಗಪಟ್ಟಣದ ಹತ್ತಿರ, ಕಾವೇರಿ ದಂಡೆಯಲ್ಲಿದೆ. 2018ರ ಆಗಸ್ಟ್‌ನಲ್ಲಿ ಹೊಳೆ ಬದಿಯ ಮೋಟಾರು, ಸ್ಟಾರ್ಟರು ಎರಡೂ ಮುಳುಗಿದವು. ಆ ದಿನ ನಮ್ಮೂರಲ್ಲಿ ಸುಮ್ನೆ ಗಾಳಿ, ಆಗಾಗ ತುಂತುರು, ಅಷ್ಟೇ. ಕೊಡಗಿನಲ್ಲಿ ಗುಡ್ಡ ಕುಸಿದದ್ದನ್ನು ಟಿವಿಯಲ್ಲಿ ನೋಡಿ ಮರುಗಿದ್ದೆವು. ಆ ನೀರು ನಮ್ಮ ಕಡೆಗೇ ಬರುತ್ತದೆ ಅಂತ ಹೊಳೆಯಲಿಲ್ಲ.

ಆಮೇಲೆ ಕಲಿತೆ. ಅರಬ್ಬೀ ಸಮುದ್ರದ ತೇವದ ಗಾಳಿ ಪಶ್ಚಿಮ ಘಟ್ಟ ಹತ್ತುವಾಗ ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತದೆ. ಘಟ್ಟ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಆಷಾಢದಲ್ಲಿ ಮಂಡ್ಯದವರಿಗೆ ಬರೀ ಗಾಳಿ ಸಿಗುವುದು ಇದಕ್ಕೇ. ಒಡಿಶಾ ಕಡೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಈ ಗಾಳಿ ಇನ್ನೂ ಜೋರಾಗುತ್ತದೆ, ಘಟ್ಟಕ್ಕೆ ಬಡಿಯುವ ತೇವವೂ ಜಾಸ್ತಿಯಾಗುತ್ತದೆ. ಹಾಗಾಗಿ ಪುಷ್ಯ, ಆಶ್ಲೇಷ ಮಳೆಯ ದಿನಗಳಲ್ಲಿ ‘ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ’ ಅಂತ ಕೇಳಿದರೆ ಸಾಕು, ಭಾಗಮಂಡಲದಲ್ಲಿರುವ ಭಾವನಿಗೆ ಫೋನ್ ಮಾಡುತ್ತೇನೆ.

“ಭಾವ, ಮಳೆ ಹೆಂಗದೆ?”

“ಎರಡು ದಿನದಿಂದ ಬಿಟ್ಟೇ ಇಲ್ಲ ಕಣೋ.”

ಹವಾಮಾನ ಇಲಾಖೆಯ ಕೊಡಗಿನ ಮುನ್ಸೂಚನೆಯನ್ನೂ ನೋಡುತ್ತೇನೆ. ಅದರಲ್ಲಿ ‘ಅತಿ ಭಾರಿ ಮಳೆ’ ಅಂದರೆ 24 ಗಂಟೆಯಲ್ಲಿ 115.6ರಿಂದ 204.4 ಮಿಲಿಮೀಟರ್.

ಆದರೆ ಬಹಳ ಜನ ಅಲರ್ಟಿನ ಬಣ್ಣ ನೋಡಿ ಅಲ್ಲಿಗೇ ನಿಲ್ಲುತ್ತಾರೆ. ನನ್ನ ಮಟ್ಟಿಗೆ ನಮ್ಮ ಮೇಲ್ಗಡೆ ಇರುವ ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್) ಮಟ್ಟವೇ ಮುಖ್ಯ. ಒಳಹರಿವು ಒಂದು ಲಕ್ಷ ಕ್ಯೂಸೆಕ್ (ಸೆಕೆಂಡಿಗೆ ಒಂದು ಲಕ್ಷ ಘನ ಅಡಿ) ಇದ್ದರೆ ಒಂದೇ ದಿನಕ್ಕೆ 8.64 ಟಿಎಂಸಿ ನೀರು ಬಂದಂತೆ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಇಡೀ ಕಟ್ಟೆ ಹಿಡಿಯುವುದೇ 49.45 ಟಿಎಂಸಿ. ಅರ್ಧ ಖಾಲಿ ಇದ್ದರೆ ಆ ನೀರನ್ನು ಕಟ್ಟೆ ನುಂಗಿಕೊಳ್ಳುತ್ತದೆ. 124.80 ಅಡಿಗೆ ತುಂಬಿದ್ದರೆ ಬಂದದ್ದನ್ನೆಲ್ಲ ಕೆಳಗೆ ಬಿಡಲೇಬೇಕು, ಅಲ್ವಾ? 2018ರಲ್ಲಿ ಕಟ್ಟೆ ಜುಲೈಯಲ್ಲೇ ತುಂಬಿತ್ತು. ಆಗಸ್ಟ್ ಮಳೆಗೆ ಜಾಗವೇ ಉಳಿದಿರಲಿಲ್ಲ.

ಈಗ ಮಟ್ಟ, ಒಳಹರಿವು, ಹೊರಹರಿವು ಮೂರನ್ನೂ ದಿನಾ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಕಟ್ಟೆ 120 ಅಡಿ ದಾಟಿ, ಕೊಡಗಿಗೆ ಆರೆಂಜ್ ಅಲರ್ಟ್ ಬಂದರೆ ಡಂಗುರಕ್ಕೆ ಕಾಯುವುದಿಲ್ಲ. ಮೊದಲು ಫ್ಯೂಸ್ ತೆಗೆಯುತ್ತೇನೆ. ಆಮೇಲೆ ಬೋಲ್ಟ್ ಬಿಚ್ಚಿ, ನಾಲ್ಕು ಜನ ಸೇರಿ ಮೋಟಾರನ್ನು ದಿಬ್ಬಕ್ಕೆ ಎತ್ತಿಡುತ್ತೇವೆ. ಹೊಳೆ ಉಕ್ಕದೆ ಹೋದರೆ ಎರಡು ದಿನ ನೀರು ಹಾಯಿಸುವುದು ತಪ್ಪುತ್ತದೆ. ಆ ನಷ್ಟವನ್ನು ನಾನು ಖುಷಿಯಿಂದ ಒಪ್ಪುತ್ತೇನೆ.

ಹಿಂಗಾರಿಗೆ ಈ ಲೆಕ್ಕ ನಡೆಯುವುದಿಲ್ಲ. ಚಿತ್ತೆ ಮಳೆ ನಮ್ಮ ತಲೆಯ ಮೇಲೇ ಮೋಡ ಕಟ್ಟಿ, ಸಂಜೆಗೆ ಗುಡುಗುತ್ತಾ ಸುರಿಯುತ್ತದೆ. ಅದಕ್ಕೆ ಫೋನಿನಲ್ಲಿ ದಾಮಿನಿ ಆ್ಯಪ್ ಇದೆ. ಹತ್ತಿರದಲ್ಲಿ ಸಿಡಿಲು ಅಂತ ತೋರಿಸಿದ ಕೂಡಲೇ ಹುಣಸೆ ಮರದ ಕೆಳಗೆ ಕಟ್ಟಿದ ಹಸುಗಳನ್ನು ಬಿಚ್ಚಿ ಕೊಟ್ಟಿಗೆಗೆ ಹೊಡೆಯುತ್ತೇನೆ.